ಹೊಟ್ಟು ತೆಗೆಯುವಲ್ಲಿ ಎಚ್ಚರ: ಎಂಬೆಡೆಡ್ ಯಂತ್ರಗಳ ತಂತ್ರಾಂಶ ಮತ್ತು ಬಿಲ್ಡ್ ಸ್ಕ್ರಿಪ್ಟ್

ಮಂಡ್ಯ ಜಿಲ್ಲೆಯ ದೈನಂದಿನ ವ್ಯವಹಾರದೊಳಗೆ ಪುಟ್ಟ ಗಣಕಗಳು ಸದ್ದಿಲ್ಲದೆ ಸೇರಿಕೊಂಡಿವೆ. ನಾಗಮಂಗಲ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲಿನ ತೂಕ ಹಾಗೂ ಕೊಬ್ಬಿನಂಶವನ್ನು ದಾಖಲಿಸುವ ಯಂತ್ರಗಳು, ಪಾಂಡವಪುರದ ಕಡೆ ಕಬ್ಬಿನ ಗಾಡಿಗಳನ್ನು ತೂಗುವ ವೇಬ್ರಿಡ್ಜ್‌ಗಳು, ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನ ಟೋಲ್ ಕೇಂದ್ರದಲ್ಲಿ ವಾಹನದ ಫಾಸ್ಟ್ಯಾಗ್ ಓದುವ ಉಪಕರಣಗಳು, ಬಸ್ ನಿರ್ವಾಹಕರ ಕೈಯಲ್ಲಿನ ಟಿಕೆಟ್ ಯಂತ್ರಗಳು ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು. ಒಂದೇ ಕೆಲಸಕ್ಕೆಂದು ಯಂತ್ರದೊಳಗೆ ಅಳವಡಿಸಲಾದ ಇಂತಹ ಗಣಕವನ್ನು ‘ಎಂಬೆಡೆಡ್ ವ್ಯವಸ್ಥೆ’ ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಹಲವು ಬಗೆಯವು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಆಧರಿಸಿ ಕೆಲಸ ಮಾಡುತ್ತವೆ.

ಇಂತಹ ಯಂತ್ರಗಳನ್ನು ಜೋಡಿಸಿ ಮಾರುವುದು ಸಣ್ಣ ಉದ್ದಿಮೆದಾರರಿಗೆ ಕೈಗೆಟುಕುವ ಕೆಲಸವೇ ಆಗಿದೆ. ಬೋರ್ಡು, ಕೀಲಿಮಣೆ, ಪ್ರಿಂಟರು, ಡಬ್ಬಿ ಇವೆಲ್ಲವೂ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ತಂತ್ರಾಂಶವನ್ನು ಮಾತ್ರ ಬೆಂಗಳೂರಿನ ಅಥವಾ ಮೈಸೂರಿನ ತಂತ್ರಜ್ಞರಿಂದ ಬರೆಸಿಕೊಳ್ಳಬೇಕಾಗುತ್ತದೆ. ಆದರೆ ತಂತ್ರಾಂಶ ಸಿದ್ಧವಾದ ಮೇಲೂ ಕಟ್ಟಕಡೆಯ ಒಂದು ಹಂತದಲ್ಲಿ ಯಂತ್ರ ಕೈಕೊಡುವುದುಂಟು. ಆ ಹಂತವೇ ಪ್ರೋಗ್ರಾಮುಗಳ ‘ಹೊಟ್ಟು ತೆಗೆಯುವ’ ಕೆಲಸ. ಅದನ್ನು ನಡೆಸುವ ಸ್ಕ್ರಿಪ್ಟಿನಲ್ಲಿ ನಾಲ್ಕಾರು ಸಾಲುಗಳು ತಪ್ಪಿದರೆ ಆಗುವ ನಷ್ಟವೇನು, ಅವುಗಳನ್ನು ಸರಿಪಡಿಸುವ ಬಗೆ ಯಾವುದು, ಯಂತ್ರ ಮಾರುವವರು ಕೇಳಿ ಪಡೆಯಬೇಕಾದದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇಮೇಜ್ ಎಂದರೇನು, ಹೊಟ್ಟು ಎಂದರೇನು?

ಎಂಬೆಡೆಡ್ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇರುವುದಿಲ್ಲ. ಅದರ ಬದಲಿಗೆ ಫ್ಲ್ಯಾಶ್ ಎಂಬ ಸ್ಮೃತಿಕೋಶವಿರುತ್ತದೆ. ಅಗ್ಗದ ಬೋರ್ಡುಗಳಲ್ಲಿ ಇದರ ಅಳತೆ 8 ಅಥವಾ 16 ಮೆಗಾಬೈಟ್ ಮಾತ್ರ ಇರುವುದುಂಟು. ಲಿನಕ್ಸ್ ಕರ್ನಲ್, ಅದಕ್ಕೆ ಬೇಕಾದ ಲೈಬ್ರರಿಗಳು, ಉಪಕರಣಗಳ ಡ್ರೈವರುಗಳು ಹಾಗೂ ಉದ್ದಿಮೆದಾರರ ಸ್ವಂತ ಪ್ರೋಗ್ರಾಮು ಇವೆಲ್ಲವನ್ನೂ ಒಟ್ಟುಗೂಡಿಸಿ ಫ್ಲ್ಯಾಶ್‌ಗೆ ಬರೆಯಲು ಸಿದ್ಧಪಡಿಸಿದ ಗಂಟೇ ‘ಇಮೇಜ್’. ಈ ಗಂಟನ್ನು ಪ್ರತಿ ಸಲವೂ ಒಂದೇ ಕ್ರಮದಲ್ಲಿ ಕಟ್ಟಿಕೊಡುವ ಆಜ್ಞೆಗಳ ಪಟ್ಟಿಗೆ ‘ಬಿಲ್ಡ್ ಸ್ಕ್ರಿಪ್ಟ್’ ಎಂದು ಹೆಸರು.

ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸಿದಾಗ ದೊರೆಯುವ ಬೈನರಿ ಕಡತದಲ್ಲಿ ಯಂತ್ರಕ್ಕೆ ಬೇಕಾದ ಆಜ್ಞೆಗಳ ಜೊತೆಗೆ ತಂತ್ರಜ್ಞರಿಗೆ ಬೇಕಾದ ಮಾಹಿತಿಯೂ ಇರಬಹುದು. ಯಾವ ಆಜ್ಞೆ ಮೂಲ ಬರಹದ ಯಾವ ಸಾಲಿನಿಂದ ಬಂತು, ಯಾವ ವಿಳಾಸದಲ್ಲಿ ಯಾವ ಹೆಸರಿನ ಭಾಗವಿದೆ ಎಂಬ ಈ ವಿವರಗಳನ್ನು ಡೀಬಗ್ ಮಾಹಿತಿ ಮತ್ತು ಸಿಂಬಲ್ ಪಟ್ಟಿ ಎನ್ನುತ್ತಾರೆ. ಇವು ದೋಷ ಹುಡುಕಲು ಉಪಯುಕ್ತ. ಆದರೆ ಪ್ರೋಗ್ರಾಮು ನಡೆಯುವುದಕ್ಕೆ ಅನಗತ್ಯ. ಗಾತ್ರದಲ್ಲಿ ಇವು ಆಜ್ಞೆಗಳ ಹಲವು ಪಟ್ಟು ಇರುವುದೂ ಉಂಟು. ಈ ಭಾಗವನ್ನು ತೆಗೆದುಹಾಕುವ ಸಲಕರಣೆಯ ಹೆಸರು ‘ಸ್ಟ್ರಿಪ್’.

ಇಲ್ಲೊಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಸಾಮಾನ್ಯ ಪ್ರೋಗ್ರಾಮುಗಳಲ್ಲಿ ಡೀಬಗ್ ಮಾಹಿತಿಯು ಚಾಲನೆಯ ವೇಳೆ ಸ್ಮೃತಿಗೆ ಏರುವುದೇ ಇಲ್ಲ. ಆದ್ದರಿಂದ ಅದನ್ನು ತೆಗೆದ ಮಾತ್ರಕ್ಕೆ ಯಂತ್ರದ ವೇಗ ಹೆಚ್ಚುವುದಿಲ್ಲ. ಫ್ಲ್ಯಾಶ್‌ನಲ್ಲಿ ಜಾಗ ಉಳಿಯುತ್ತದೆ, ಅಷ್ಟೆ. ಆದರೆ ಆ ಉಳಿತಾಯವೇ ಒಂದು ಬೋರ್ಡಿಗೆ 16 ಮೆಗಾಬೈಟ್ ಸಾಕೇ, 32 ಬೇಕೇ ಎಂಬುದನ್ನು ನಿರ್ಧರಿಸುತ್ತದೆ. ಮೊಬೈಲ್ ಜಾಲದ ಮೂಲಕ ನೂರಾರು ಯಂತ್ರಗಳಿಗೆ ಹೊಸ ಆವೃತ್ತಿ ಕಳುಹಿಸುವಾಗಲೂ ಗಾತ್ರ ಲೆಕ್ಕಕ್ಕೆ ಬರುತ್ತದೆ.

ವಿಶ್ವೇಶ್ವರಯ್ಯ ನಾಲೆಯ ನೀರುಂಡ ಊರಿನವರಿಗೆ ಇದನ್ನು ಭತ್ತದ ಹೋಲಿಕೆಯಿಂದ ತಿಳಿಸುವುದು ಸುಲಭ. ಊಟಕ್ಕೆ ಬೇಕಾದ ಭತ್ತವನ್ನು ಗಿರಣಿಗೆ ಕೊಟ್ಟು ಹೊಟ್ಟು ತೆಗೆಸಬೇಕು. ಹೊಟ್ಟಿನ ಸಮೇತ ಮೂಟೆ ಕಟ್ಟಿದರೆ ಸಾಗಣೆ ದಂಡ. ಆದರೆ ಬಿತ್ತನೆ ಭತ್ತದ ಹೊಟ್ಟು ತೆಗೆದರೆ ಅದು ಬೀಜವಾಗಿ ಉಳಿಯದು. ಯಾವುದು ಊಟದ ಭತ್ತ, ಯಾವುದು ಬಿತ್ತನೆ ಭತ್ತ ಎಂಬ ವಿವೇಚನೆ ಇಲ್ಲದ ಗಿರಣಿಯಂತೆ ಕೆಲಸ ಮಾಡುವ ಸ್ಕ್ರಿಪ್ಟುಗಳಿಂದಲೇ ತೊಂದರೆ ಉಂಟಾಗುತ್ತದೆ.

ಈ ವಿದ್ಯೆಯ ಹಿನ್ನೆಲೆ

ಜಾಗದ ಮಿತವ್ಯಯ ಹೊಸ ಚಿಂತೆಯಲ್ಲ. 1995ರಲ್ಲಿ ಬ್ರೂಸ್ ಪೆರೆನ್ಸ್ ಅವರು ಡೆಬಿಯನ್ ಲಿನಕ್ಸ್‌ನ ಅನುಸ್ಥಾಪನ ವ್ಯವಸ್ಥೆಯನ್ನು ಒಂದೇ ಫ್ಲಾಪಿ ತಟ್ಟೆಗೆ ಹೊಂದಿಸುವ ಉದ್ದೇಶದಿಂದ ‘ಬ್ಯುಸಿಬಾಕ್ಸ್’ ರಚಿಸಿದರು. ಅನೇಕ ಸಣ್ಣ ಸಲಕರಣೆಗಳನ್ನು ಒಂದೇ ಬೈನರಿಯಲ್ಲಿ ಅಡಗಿಸುವ ಈ ಪ್ರೋಗ್ರಾಮು ಇಂದು ಅಸಂಖ್ಯಾತ ಎಂಬೆಡೆಡ್ ಯಂತ್ರಗಳಲ್ಲಿದೆ. 2004ರಲ್ಲಿ ಆರಂಭವಾದ ‘ಓಪನ್‌ಡಬ್ಲ್ಯುಆರ್‌ಟಿ’ ಯೋಜನೆಯು ಕೇವಲ 4 ಮೆಗಾಬೈಟ್ ಫ್ಲ್ಯಾಶ್ ಇದ್ದ ರೌಟರುಗಳಲ್ಲೂ ಲಿನಕ್ಸನ್ನು ಕೂರಿಸಿ ತೋರಿಸಿತು.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಬೆಳಕಿಗೆ ಬಂತು. ಜನಸಾಮಾನ್ಯರಿಗಾಗಿ ಯೋಜಿಸಲಾದ ಈ ಅಂಗೈ ಗಣಕವು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮತ್ತು ಲಿನಕ್ಸ್ ಮೇಲೆ ನಿಂತಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಪಿಕೊಪೇಟಾ ಸಂಸ್ಥೆಗಳು ‘ಅಮಿಡಾ ಸಿಂಪ್ಯೂಟರ್’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದವು. ನಿರೀಕ್ಷಿಸಿದಷ್ಟು ಮಾರಾಟವಾಗದಿದ್ದರೂ, ಡಿಸ್ಕ್ ಇಲ್ಲದ ಪುಟ್ಟ ಯಂತ್ರದಲ್ಲಿ ಲಿನಕ್ಸ್ ನಡೆಸಬಹುದೆಂಬುದನ್ನು ಅದು ನಮ್ಮ ರಾಜ್ಯದಲ್ಲಿಯೇ ತೋರಿಸಿಕೊಟ್ಟಿತು.

ಒಂದು ಕಲ್ಪಿತ ಉದಾಹರಣೆ

ಪಾಂಡವಪುರದ ಒಬ್ಬ ಉದ್ದಿಮೆದಾರರು ಹಾಲಿನ ಸಂಘಗಳಿಗೆ ಲೆಕ್ಕದ ಯಂತ್ರಗಳನ್ನು ತಯಾರಿಸುತ್ತಾರೆಂದು ಇಟ್ಟುಕೊಳ್ಳಬಹುದು. ಬೋರ್ಡಿನಲ್ಲಿ ಆರ್ಮ್ ಪ್ರೊಸೆಸರ್, 16 ಮೆಗಾಬೈಟ್ ಫ್ಲ್ಯಾಶ್. ಅದರಲ್ಲಿ ಕಡತವ್ಯವಸ್ಥೆಗೆ ಮೀಸಲಿಟ್ಟದ್ದು 10 ಮೆಗಾಬೈಟ್. ಮೊದಲ ಕಂತಿನ ಯಂತ್ರಗಳು ಸರಿಯಾಗಿಯೇ ನಡೆದವು. ಬಳಿಕ ತಂತ್ರಜ್ಞರು ತಮ್ಮ ಗಣಕವನ್ನು ಬದಲಿಸಿ ಅದೇ ಸ್ಕ್ರಿಪ್ಟಿನಿಂದ ಎರಡನೆಯ ಕಂತಿಗೆ ಇಮೇಜ್ ಕಟ್ಟಿದರು. ಅದರ ಗಾತ್ರ 13 ಮೆಗಾಬೈಟ್ ಆಯಿತು. ಫ್ಲ್ಯಾಶ್‌ಗೆ ಬರೆಯುವ ಸಲಕರಣೆಯು ಮೊದಲ 10 ಮೆಗಾಬೈಟ್ ಬರೆದು ಉಳಿದದ್ದನ್ನು ಬಿಟ್ಟಿತು. ‘ಸ್ಕ್ವಾಷ್‌ಎಫ್‌ಎಸ್’ ಎಂಬ ಸಂಕುಚಿತ ಕಡತವ್ಯವಸ್ಥೆಯಲ್ಲಿ ಕಡತಗಳ ಸೂಚಿಗಳು ಕೊನೆಯಲ್ಲಿರುವುದರಿಂದ, ಬಾಲ ಕತ್ತರಿಸಿದ ಇಮೇಜ್‌ನಿಂದ ಯಂತ್ರ ಚಾಲೂ ಆಗಲೇ ಇಲ್ಲ.

ಅವಸರದಲ್ಲಿ ತಂತ್ರಜ್ಞರು ಎಲ್ಲ ಕಡತಗಳ ಹೊಟ್ಟನ್ನೂ ಸಂಪೂರ್ಣವಾಗಿ ತೆಗೆಯುವಂತೆ ಒಂದು ಸಾಲು ಸೇರಿಸಿದರು. ಇಮೇಜ್ 8 ಮೆಗಾಬೈಟ್‌ಗೆ ಇಳಿಯಿತು, ಯಂತ್ರ ಚಾಲೂ ಆಯಿತು, ಪರದೆಯೂ ಬೆಳಗಿತು. ಆದರೆ ಮುಂಜಾನೆ ಸಂಘದ ಮುಂದೆ ಹಾಲಿನ ಕ್ಯಾನು ಹಿಡಿದು ರೈತರು ಸಾಲುಗಟ್ಟಿದಾಗ ತಕ್ಕಡಿಯಿಂದ ತೂಕ ಬರಲಿಲ್ಲ, ಚೀಟಿ ಮುದ್ರಣವಾಗಲಿಲ್ಲ. ತಕ್ಕಡಿ ಮತ್ತು ಪ್ರಿಂಟರಿನ ಡ್ರೈವರುಗಳು ಏರಿರಲಿಲ್ಲ. ಹಾಲು ಕಾಯುವ ಪದಾರ್ಥವಲ್ಲ. ಸಂಘದವರು ಪುಸ್ತಕದಲ್ಲಿ ಬರೆದುಕೊಂಡು ಆ ದಿನವನ್ನು ನಿಭಾಯಿಸಬಹುದು. ಯಂತ್ರ ಮಾರಿದವರ ಮೇಲಿನ ನಂಬಿಕೆ ಮರಳಿ ಬರುವುದು ಕಷ್ಟ.

ಈ ಉದಾಹರಣೆಯಲ್ಲಿರುವ ದೋಷಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

1. ಸಲಕರಣೆಯೇ ಬೇರೆ

ತಂತ್ರಜ್ಞರ ಗಣಕದ ಪ್ರೊಸೆಸರ್ ಸಾಮಾನ್ಯವಾಗಿ ಇಂಟೆಲ್ ಬಗೆಯದು; ಯಂತ್ರದ್ದು ಆರ್ಮ್. ಒಂದರ ಮೇಲೆ ಕುಳಿತು ಇನ್ನೊಂದಕ್ಕೆ ಪ್ರೋಗ್ರಾಮು ತಯಾರಿಸುವ ಸಲಕರಣೆಗಳ ಗುಂಪಿಗೆ ‘ಕ್ರಾಸ್ ಟೂಲ್‌ಚೈನ್’ ಎಂದು ಹೆಸರು. ಅದರಲ್ಲಿ ಆರ್ಮ್ ಬೈನರಿಗಳಿಗೆಂದೇ ಪ್ರತ್ಯೇಕ ಸ್ಟ್ರಿಪ್ ಇರುತ್ತದೆ. ಸ್ಕ್ರಿಪ್ಟಿನಲ್ಲಿ ಬರಿದೇ ‘ಸ್ಟ್ರಿಪ್’ ಎಂದು ಬರೆದಿದ್ದರೆ ಗಣಕದ ಹಾದಿಯಲ್ಲಿ ಮೊದಲು ಸಿಕ್ಕ ಸಲಕರಣೆಯೇ ನಡೆಯುತ್ತದೆ. ಹಳೆಯ ಗಣಕದಲ್ಲಿ ಅದು ಆರ್ಮ್‌ನದಾಗಿತ್ತು, ಹೊಸದರಲ್ಲಿ ಇಂಟೆಲ್‌ನದು. ಇಂಟೆಲ್‌ಗೆ ಮಾತ್ರ ಸಿದ್ಧಪಡಿಸಿದ ಸ್ಟ್ರಿಪ್, ಆರ್ಮ್ ಕಡತದ ಸ್ವರೂಪವನ್ನು ಗುರುತಿಸಲಾಗದೆಂದು ಹೇಳಿ ಅದನ್ನು ಇದ್ದಂತೆಯೇ ಬಿಡುತ್ತದೆ.

‘ಇನ್‌ಸ್ಟಾಲ್’ ಆಜ್ಞೆಗೆ ‘ಎಸ್’ ಆಯ್ಕೆ ಕೊಟ್ಟಾಗಲೂ ಇದೇ ತೊಂದರೆ. ಅದು ಒಳಗೊಳಗೇ ಗಣಕದ ಸ್ವಂತ ಸ್ಟ್ರಿಪ್ ಅನ್ನು ಕರೆಯುತ್ತದೆ. ಪರಿಹಾರ ಸರಳ: ಕ್ರಾಸ್ ಟೂಲ್‌ಚೈನ್‌ನ ಸ್ಟ್ರಿಪ್‌ನ ಪೂರ್ಣ ಹೆಸರನ್ನು ಸ್ಕ್ರಿಪ್ಟಿನ ಆರಂಭದಲ್ಲಿಯೇ ಒಂದು ಚರದಲ್ಲಿ ನಮೂದಿಸಿ, ಎಲ್ಲೆಡೆ ಆ ಚರವನ್ನೇ ಬಳಸಬೇಕು. ‘ಇನ್‌ಸ್ಟಾಲ್’ ಆಜ್ಞೆಗೂ ‘ಸ್ಟ್ರಿಪ್-ಪ್ರೋಗ್ರಾಮ್’ ಆಯ್ಕೆಯ ಮೂಲಕ ಅದೇ ಹೆಸರನ್ನು ತಿಳಿಸಬಹುದು. ಆ ಸಲಕರಣೆ ಗಣಕದಲ್ಲಿ ಇಲ್ಲದಿದ್ದರೆ ಸ್ಕ್ರಿಪ್ಟ್ ಆರಂಭದಲ್ಲಿಯೇ ನಿಲ್ಲಬೇಕು.

2. ಬಾಯಿ ಕಟ್ಟಿದ ಎಚ್ಚರಿಕೆ

ಸ್ಟ್ರಿಪ್ ದೂರಿದ್ದರೂ ತಂತ್ರಜ್ಞರಿಗೆ ತಿಳಿಯದಿರಲು ಕಾರಣವಿದೆ. ಇಮೇಜ್‌ಗೆ ಸೇರುವ ಕಡತಗಳಲ್ಲಿ ಬೈನರಿಗಳಲ್ಲದ ಪಠ್ಯ, ಚಿತ್ರ, ಸ್ಕ್ರಿಪ್ಟುಗಳೂ ಇರುತ್ತವೆ. ಎಲ್ಲದರ ಮೇಲೂ ಸ್ಟ್ರಿಪ್ ಹರಿಸಿದರೆ ಅದು ಪ್ರತಿಯೊಂದಕ್ಕೂ ತಕರಾರು ತೆಗೆಯುತ್ತದೆ. ಈ ಗದ್ದಲ ತಪ್ಪಿಸಲು ಎಷ್ಟೋ ಮಂದಿ ದೋಷಸಂದೇಶಗಳನ್ನೆಲ್ಲ ಶೂನ್ಯಕ್ಕೆ ಕಳುಹಿಸಿ, ಆಜ್ಞೆ ವಿಫಲವಾದರೂ ಸಫಲವೆಂದೇ ಎಣಿಸುವಂತೆ ಬರೆದುಬಿಡುತ್ತಾರೆ. ಕಳ್ಳನ ಸುಳಿವಿಲ್ಲದಾಗ ಬೊಗಳಿತೆಂದು ನಾಯಿಯ ಬಾಯಿ ಕಟ್ಟಿದರೆ ಕಳ್ಳ ಬಂದಾಗಲೂ ಅದು ಬೊಗಳದು.

ಸರಿಯಾದ ಕ್ರಮವೆಂದರೆ ಕಡತಗಳನ್ನು ಮೊದಲೇ ಆರಿಸಿಕೊಳ್ಳುವುದು. ಲಿನಕ್ಸ್‌ನ ಬೈನರಿಗಳು ‘ಎಲ್ಫ್’ ಎಂಬ ಸ್ವರೂಪದಲ್ಲಿದ್ದು, ಅವುಗಳ ಮೊದಲ 4 ಬೈಟುಗಳು ಗೊತ್ತಾದ ಗುರುತನ್ನು ಹೊಂದಿರುತ್ತವೆ. ‘ಫೈಲ್’ ಅಥವಾ ‘ರೀಡ್‌ಎಲ್ಫ್’ ಸಲಕರಣೆಗಳಿಂದ ಇದನ್ನು ಪರಿಶೀಲಿಸಬಹುದು. ಎಲ್ಫ್ ಕಡತಗಳ ಮೇಲೆ ಮಾತ್ರ ಸ್ಟ್ರಿಪ್ ನಡೆಸಿ, ಅಲ್ಲಿ ಒಂದೇ ಒಂದು ದೋಷ ಬಂದರೂ ಕೆಲಸ ನಿಲ್ಲಿಸಬೇಕು. ‘ಫೈಂಡ್’ ಆಜ್ಞೆಯ ಮೂಲಕ ಒಂದೊಂದೇ ಕಡತಕ್ಕೆ ಸ್ಟ್ರಿಪ್ ಕರೆಯುವ ರೂಢಿಯಲ್ಲಿ, ಸ್ಟ್ರಿಪ್ ವಿಫಲವಾದರೂ ಫೈಂಡ್ ಮಾತ್ರ ಯಶಸ್ಸನ್ನೇ ವರದಿ ಮಾಡುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

3. ಬಿತ್ತನೆ ಭತ್ತಕ್ಕೂ ಗಿರಣಿ

ತಕ್ಕಡಿ ಮಾತಾಡದಿರಲು ಕಾರಣ ಇದು. ಪೂರ್ಣಗೊಂಡ ಪ್ರೋಗ್ರಾಮಿನ ಹೊಟ್ಟನ್ನು ಸಂಪೂರ್ಣ ತೆಗೆಯಬಹುದು. ಡ್ರೈವರುಗಳು ಹಾಗಲ್ಲ. ‘ಕರ್ನಲ್ ಮಾಡ್ಯೂಲ್’ ಎಂದು ಕರೆಯಲಾಗುವ ಅವು ಅರ್ಧ ಸಿದ್ಧವಾದ ಕಡತಗಳು. ಯಂತ್ರ ಚಾಲೂ ಆದ ಮೇಲೆ ಕರ್ನಲ್‌ನೊಡನೆ ಹೆಸರು ಹೆಸರು ಹೊಂದಿಸಿಕೊಂಡು ಬೆಸೆದುಕೊಳ್ಳುತ್ತವೆ. ಆ ಹೆಸರುಗಳ ಪಟ್ಟಿಯನ್ನೇ ತೆಗೆದುಹಾಕಿದರೆ ಬೆಸುಗೆ ಸಾಧ್ಯವಿಲ್ಲ. ಇವೇ ಬಿತ್ತನೆ ಭತ್ತ. ಇವುಗಳಿಂದ ಡೀಬಗ್ ಮಾಹಿತಿಯನ್ನು ಮಾತ್ರ ತೆಗೆಯುವ ‘ಸ್ಟ್ರಿಪ್-ಡೀಬಗ್’ ಆಯ್ಕೆಯನ್ನು ಬಳಸಬೇಕು. ಲಿನಕ್ಸ್ ಕರ್ನಲ್‌ನ ಸ್ವಂತ ನಿರ್ಮಾಣ ವ್ಯವಸ್ಥೆಯಲ್ಲಿ ಮಾಡ್ಯೂಲುಗಳನ್ನು ಸ್ಥಾಪಿಸುವಾಗ ‘ಇನ್‌ಸ್ಟಾಲ್ ಮಾಡ್ ಸ್ಟ್ರಿಪ್’ ಎಂಬ ಚರಕ್ಕೆ 1 ಎಂಬ ಮೌಲ್ಯ ಕೊಟ್ಟರೆ ಆಗುವುದೂ ಇದೇ.

ಪ್ರೋಗ್ರಾಮು ಕಟ್ಟಲು ಬಳಸುವ ಸ್ಟ್ಯಾಟಿಕ್ ಲೈಬ್ರರಿಗಳಿಗೂ ಈ ಎಚ್ಚರ ಅನ್ವಯಿಸುತ್ತದೆ. ಹಂಚಿಕೆಯ ಲೈಬ್ರರಿಗಳಿಗೆ ‘ಸ್ಟ್ರಿಪ್-ಅನ್‌ನೀಡೆಡ್’ ಎಂಬ ಮಧ್ಯಮ ಮಾರ್ಗ ರೂಢಿಯಲ್ಲಿದೆ. ‘ಬಿಲ್ಡ್‌ರೂಟ್’ನಂತಹ ಪ್ರಸಿದ್ಧ ನಿರ್ಮಾಣ ವ್ಯವಸ್ಥೆಗಳಲ್ಲಿ ಈ ವಿವೇಚನೆ ಮೊದಲೇ ಅಡಕವಾಗಿದ್ದು, ಹೊಟ್ಟು ತೆಗೆಯಬಾರದ ಕಡತಗಳ ಪಟ್ಟಿಯನ್ನೂ ಕೊಡಬಹುದಾಗಿದೆ. ಸ್ವಂತ ಸ್ಕ್ರಿಪ್ಟ್ ಬರೆಯುವುದಕ್ಕಿಂತ ಇಂತಹ ವ್ಯವಸ್ಥೆಯನ್ನು ಅವಲಂಬಿಸುವುದು ಅನೇಕ ವೇಳೆ ಲೇಸು.

4. ಮೊಹರು ಹಾಕಿದ ಮೇಲೆ ಮೂಟೆ ಬಿಚ್ಚುವುದು

ಯಂತ್ರದಲ್ಲಿ ಅನ್ಯರ ತಂತ್ರಾಂಶ ನಡೆಯದಂತೆ ತಡೆಯಲು ಮಾಡ್ಯೂಲುಗಳಿಗೂ ಇಮೇಜ್‌ಗೂ ಡಿಜಿಟಲ್ ಸಹಿ ಹಾಕುವ ಪದ್ಧತಿಯಿದೆ. ಸಹಿಯ ನಂತರ ಹೊಟ್ಟು ತೆಗೆದರೆ ಸಹಿ ನಿರರ್ಥಕವಾಗುತ್ತದೆ. ಸಹಿ ಹಾಕಿದ ಮಾಡ್ಯೂಲಿನ ಮೇಲೆ ಸ್ಟ್ರಿಪ್ ನಡೆಸಕೂಡದೆಂದು ಲಿನಕ್ಸ್ ಕರ್ನಲ್‌ನ ದಾಖಲೆಗಳೇ ಸ್ಪಷ್ಟವಾಗಿ ಹೇಳುತ್ತವೆ. ಕಡತಕ್ಕೆ ಕೊಟ್ಟ ವಿಶೇಷ ಅಧಿಕಾರಗಳೂ ಕಡತವನ್ನು ಹೊಸದಾಗಿ ಬರೆಯುವಾಗ ಕಳೆದುಹೋಗಬಹುದು. ಆದ್ದರಿಂದ ಮೊದಲು ಹೊಟ್ಟು ತೆಗೆಯುವುದು, ಆಮೇಲೆ ಅಧಿಕಾರ, ಆಮೇಲೆ ಸಹಿ, ಕಟ್ಟಕಡೆಗೆ ಇಮೇಜ್‌ನ ಚೆಕ್‌ಸಮ್ ಎಂಬ ಕ್ರಮವನ್ನು ಮೀರಬಾರದು.

5. ಮೂಲಪ್ರತಿ ಇಲ್ಲದಿರುವುದು

ಕೆಲವು ಸ್ಕ್ರಿಪ್ಟುಗಳು ಪ್ರೋಗ್ರಾಮು ತಯಾರಾದ ಸ್ಥಳದಲ್ಲಿಯೇ ಹೊಟ್ಟು ತೆಗೆದುಬಿಡುತ್ತವೆ. ಆರು ತಿಂಗಳ ನಂತರ ಕೃಷ್ಣರಾಜಪೇಟೆಯ ಒಂದು ಹಳ್ಳಿಯಲ್ಲಿ ಯಂತ್ರ ನಿಂತುಹೋದಾಗ ಅದರ ದಾಖಲೆಯಲ್ಲಿ ಉಳಿದಿರುವುದು ಒಂದಷ್ಟು ವಿಳಾಸಗಳ ಅಂಕಿಗಳು ಮಾತ್ರ. ಹೊಟ್ಟು ತೆಗೆಯದ ಪ್ರತಿ ಕೈಯಲ್ಲಿದ್ದರೆ ‘ಆಡರ್2ಲೈನ್’ ಎಂಬ ಸಲಕರಣೆ ಆ ಅಂಕಿಯನ್ನು ಮೂಲ ಬರಹದ ಕಡತ ಮತ್ತು ಸಾಲಿಗೆ ಹೊಂದಿಸಿ ತೋರಿಸುತ್ತದೆ. ಇಲ್ಲದಿದ್ದರೆ ಊಹೆಯೇ ಗತಿ. ಅದೇ ಮೂಲದಿಂದ ಮತ್ತೊಮ್ಮೆ ಕಟ್ಟಿದರೂ, ಸಲಕರಣೆಗಳ ಆವೃತ್ತಿ ಬದಲಾಗಿದ್ದಲ್ಲಿ ವಿಳಾಸಗಳು ಹೊಂದುವ ಭರವಸೆಯಿಲ್ಲ.

ಇದಕ್ಕಾಗಿ ‘ಆಬ್ಜ್‌ಕಾಪಿ’ ಸಲಕರಣೆಯ ‘ಓನ್ಲಿ-ಕೀಪ್-ಡೀಬಗ್’ ಆಯ್ಕೆಯಿಂದ ಡೀಬಗ್ ಮಾಹಿತಿಯನ್ನು ಬೇರೊಂದು ಕಡತಕ್ಕೆ ತೆಗೆದಿರಿಸಿ, ಆನಂತರವೇ ಸ್ಟ್ರಿಪ್ ನಡೆಸಬೇಕು. ಪ್ರೋಗ್ರಾಮು ಕಟ್ಟುವಾಗಲೇ ಅದರೊಳಗೆ ‘ಬಿಲ್ಡ್ ಐಡಿ’ ಎಂಬ ಗುರುತುಸಂಖ್ಯೆಯನ್ನು ಸೇರಿಸಿದ್ದರೆ ಯಾವ ಯಂತ್ರದ ಬೈನರಿಗೆ ಯಾವ ಡೀಬಗ್ ಕಡತ ಜೋಡಿ ಎಂಬುದು ತಪ್ಪದೆ ತಿಳಿಯುತ್ತದೆ. ಸ್ಟ್ರಿಪ್ ನಡೆದ ಮೇಲೂ ಈ ಸಂಖ್ಯೆ ಉಳಿಯುತ್ತದೆ.

ಸರಿಪಡಿಸಿದ ಸ್ಕ್ರಿಪ್ಟಿನ ಕ್ರಮ

ಮೇಲಿನ ಪರಿಹಾರಗಳನ್ನು ಒಟ್ಟುಗೂಡಿಸಿದರೆ ಸ್ಕ್ರಿಪ್ಟಿನ ಕ್ರಮ ಹೀಗಿರತಕ್ಕದ್ದು:

ಅ) ಕ್ರಾಸ್ ಟೂಲ್‌ಚೈನ್‌ನ ಹೆಸರು, ಆವೃತ್ತಿಗಳನ್ನು ಪರಿಶೀಲಿಸಿ ದಾಖಲಿಸುವುದು.
ಆ) ಪ್ರೋಗ್ರಾಮುಗಳನ್ನು ಡೀಬಗ್ ಮಾಹಿತಿ ಸಹಿತ ಕಟ್ಟಿ, ಇಮೇಜ್‌ಗೆಂದು ಪ್ರತ್ಯೇಕ ಸ್ಥಳಕ್ಕೆ ನಕಲು ಮಾಡುವುದು, ಮೂಲವನ್ನು ಮುಟ್ಟದಿರುವುದು.
ಇ) ನಕಲಿನಲ್ಲಿರುವ ಎಲ್ಫ್ ಕಡತಗಳನ್ನು ಗುರುತಿಸಿ, ಪ್ರೋಗ್ರಾಮು, ಲೈಬ್ರರಿ, ಮಾಡ್ಯೂಲು ಎಂದು ವಿಂಗಡಿಸುವುದು.
ಈ) ಡೀಬಗ್ ಮಾಹಿತಿಯನ್ನು ಆವೃತ್ತಿಯ ಹೆಸರಿನಲ್ಲಿ ತೆಗೆದಿರಿಸುವುದು.
ಉ) ಆಯಾ ವರ್ಗಕ್ಕೆ ತಕ್ಕ ಪ್ರಮಾಣದಲ್ಲಿ ಹೊಟ್ಟು ತೆಗೆಯುವುದು, ದೋಷ ಬಂದರೆ ನಿಲ್ಲುವುದು.
ಊ) ಅಧಿಕಾರ ಮತ್ತು ಸಹಿಗಳನ್ನು ಹಾಕಿ ಇಮೇಜ್ ಕಟ್ಟುವುದು.
ಋ) ಇಮೇಜ್‌ನ ಗಾತ್ರವನ್ನು ಫ್ಲ್ಯಾಶ್‌ನ ಮೀಸಲು ಜಾಗದೊಡನೆ ಹೋಲಿಸಿ, ಮೀರಿದ್ದರೆ ತಿರಸ್ಕರಿಸುವುದು.

ಕೊನೆಯ ಅಂಶವೊಂದೇ ಇದ್ದಿದ್ದರೂ ಮೇಲಿನ ಉದಾಹರಣೆಯ 13 ಮೆಗಾಬೈಟ್ ಇಮೇಜ್ ಕಾರ್ಖಾನೆಯ ಬಾಗಿಲು ದಾಟುತ್ತಿರಲಿಲ್ಲ.

ಇಷ್ಟಾದ ಮೇಲೂ ಪರೀಕ್ಷೆ ಬೇಕೇ ಬೇಕು. ಯಂತ್ರ ಚಾಲೂ ಆಯಿತೆಂಬುದು ಪರೀಕ್ಷೆಯಲ್ಲ. ತಕ್ಕಡಿ, ಪ್ರಿಂಟರು, ಮೊಬೈಲ್ ಮೋಡೆಮ್ ಇವುಗಳ ಡ್ರೈವರುಗಳೆಲ್ಲ ಏರಿವೆಯೇ ಎಂಬುದನ್ನು ನಿಜವಾದ ಬೋರ್ಡಿನ ಮೇಲೆ, ನಿಜವಾದ ಉಪಕರಣಗಳನ್ನು ಜೋಡಿಸಿ ನೋಡಬೇಕು. ಪ್ರತಿ ಹೊಸ ಇಮೇಜ್‌ಗೂ ಒಂದು ಯಂತ್ರವನ್ನು ಇದಕ್ಕೆಂದೇ ಮೀಸಲಿಡುವುದು ದುಬಾರಿಯಲ್ಲ. ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರಗಳು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ವ್ಯಾಪ್ತಿಗೆ ಬರುವುದರಿಂದ, ತೂಕದ ಭಾಗದ ತಂತ್ರಾಂಶವನ್ನು ಮುಟ್ಟುವ ಮುನ್ನ ಇಲಾಖೆಯನ್ನು ವಿಚಾರಿಸುವುದು ಕ್ಷೇಮ.

ಉದ್ದಿಮೆದಾರರು ಕೇಳಿ ಪಡೆಯಬೇಕಾದದ್ದು

ಬಹುತೇಕ ಸಣ್ಣ ಉದ್ದಿಮೆದಾರರ ಕೈಗೆ ಬರುವುದು ಸಿದ್ಧ ಇಮೇಜ್ ಮಾತ್ರ. ಸ್ಕ್ರಿಪ್ಟ್ ತಂತ್ರಜ್ಞರ ಬಳಿಯೇ ಉಳಿಯುತ್ತದೆ. ಅವರು ಬೇರೆ ಕೆಲಸಕ್ಕೆ ಹೋದ ದಿನ, ಮಾರಿದ ಯಂತ್ರಗಳೆಲ್ಲವೂ ಅನಾಥವಾಗುತ್ತವೆ.

ಇಲ್ಲಿ ಕಾನೂನಿನ ಒಂದು ಅಂಶ ತಿಳಿದಿರಬೇಕು. ಲಿನಕ್ಸ್ ಕರ್ನಲ್ ಮತ್ತು ಬ್ಯುಸಿಬಾಕ್ಸ್ ಎರಡೂ ‘ಜಿಪಿಎಲ್’ ಎಂಬ ಪರವಾನಗಿಯ 2ನೆಯ ಆವೃತ್ತಿಗೆ ಒಳಪಟ್ಟಿವೆ. ಇವುಗಳ ಬೈನರಿಯನ್ನು ಇನ್ನೊಬ್ಬರಿಗೆ ಕೊಡುವವರು ಮೂಲ ಬರಹವನ್ನೂ ಕೊಡಬೇಕು, ಇಲ್ಲವೇ ಕನಿಷ್ಠ 3 ವರ್ಷ ಊರ್ಜಿತವಿರುವ ಲಿಖಿತ ಭರವಸೆ ನೀಡಬೇಕು. ಪ್ರೋಗ್ರಾಮನ್ನು ಕಟ್ಟುವ ಹಾಗೂ ಸ್ಥಾಪಿಸುವ ಸ್ಕ್ರಿಪ್ಟುಗಳೂ ಆ ಮೂಲ ಬರಹದ ಭಾಗವೆಂದೇ ಪರವಾನಗಿ ಹೇಳುತ್ತದೆ. ಅಂದರೆ ಈ ಭಾಗಗಳ ಮಟ್ಟಿಗೆ ಸ್ಕ್ರಿಪ್ಟ್ ಕೇಳುವುದು ಉದ್ದಿಮೆದಾರರ ಹಕ್ಕು. ಯಂತ್ರವನ್ನು ಮಾರುವಾಗ ಅದೇ ಬಾಧ್ಯತೆ ಅವರ ಮೇಲೂ ಬೀಳುತ್ತದೆ. ಈ ಷರತ್ತು ಕಾಗದದ ಹುಲಿಯಲ್ಲ. 2007ರಲ್ಲಿ ಬ್ಯುಸಿಬಾಕ್ಸ್ ರಚನಕಾರರ ಪರವಾಗಿ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಗಿ, ಅದೇ ವರ್ಷ ಅದು ರಾಜಿಯಲ್ಲಿ ಮುಕ್ತಾಯವಾಯಿತು.

ತಂತ್ರಜ್ಞರು ಹೊಸದಾಗಿ ಬರೆದ ಸ್ವಂತ ಪ್ರೋಗ್ರಾಮಿಗೆ ಈ ಹಕ್ಕು ತಾನಾಗಿಯೇ ಅನ್ವಯಿಸುವುದಿಲ್ಲ. ಆದ್ದರಿಂದ ಕೆಲಸ ಒಪ್ಪಿಸುವಾಗಲೇ ಕರಾರಿನಲ್ಲಿ ಬರೆಯಿಸಿಕೊಳ್ಳಬೇಕಾದ ಅಂಶಗಳು ನಾಲ್ಕು: ಪೂರ್ಣ ಬಿಲ್ಡ್ ಸ್ಕ್ರಿಪ್ಟ್, ಬಳಸಿದ ಟೂಲ್‌ಚೈನ್‌ನ ಪ್ರತಿ, ಪ್ರತಿ ಆವೃತ್ತಿಯ ಡೀಬಗ್ ಕಡತಗಳು, ಬೇರೊಂದು ಗಣಕದಲ್ಲಿ ಇಮೇಜನ್ನು ಮೊದಲಿನಿಂದ ಕಟ್ಟಿ ತೋರಿಸುವ ಪ್ರಾತ್ಯಕ್ಷಿಕೆ. ಕೊನೆಯ ಕಂತಿನ ಹಣವನ್ನು ಈ ಪ್ರಾತ್ಯಕ್ಷಿಕೆಯ ನಂತರ ಕೊಡುವುದು ಎರಡೂ ಕಡೆಗೆ ನ್ಯಾಯ.

ಸ್ಕ್ರಿಪ್ಟ್ ಕೈಯಲ್ಲಿದ್ದರೆ ಅದನ್ನು ಓದಿಸಲು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೂ, ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿಯೂ ಈ ವಿದ್ಯೆ ಕಲಿಯುವವರಿದ್ದಾರೆ. ಒಂದು ಸ್ಕ್ರಿಪ್ಟನ್ನು ಮೇಲಿನ ಏಳು ಅಂಶಗಳೊಡನೆ ಹೋಲಿಸಿ ವರದಿ ಕೊಡುವುದು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವೂ ಆದೀತು, ಉದ್ದಿಮೆಗೆ ಅಗ್ಗದ ವಿಮೆಯೂ ಆದೀತು.

ಸರಿಯಾದ ಸಲಕರಣೆ, ತಕ್ಕ ಪ್ರಮಾಣ, ತಕ್ಕ ಸಮಯ, ಕಾಪಿಟ್ಟ ಮೂಲಪ್ರತಿ: ಹೊಟ್ಟು ತೆಗೆಯುವ ಕೆಲಸದ ಸಾರ ಈ ನಾಲ್ಕರಲ್ಲಿದೆ. ಮುಂದಿನ ಕಂತಿನ ಯಂತ್ರಗಳಿಗೆ ಮುಂಗಡ ಕೊಡುವ ಮುನ್ನ ಉದ್ದಿಮೆದಾರರು ತಮ್ಮ ಇಮೇಜ್‌ನ ಸ್ಕ್ರಿಪ್ಟ್ ಎಲ್ಲಿದೆ, ಯಾರ ಬಳಿಯಿದೆ ಎಂಬುದನ್ನು ವಿಚಾರಿಸಿಕೊಳ್ಳುವುದು ಒಳಿತು.